ಮೇಲೆಂಬುದು ಯಾವುದು?

ಮಾನವನ ಮಾತಿನಲ್ಲಿ ಕೆಲವು ಶಬ್ದಗಳು ನೋಡುವುದಕ್ಕೆ ಸರಳವಾಗಿದ್ದರೂ ಬಾಳಿನಲ್ಲಿ ಬಹಳ ತೊಡಕನ್ನು ಉಂಟುಮಾಡುತ್ತವೆ. ‘ಮೇಲು’ ಎಂಬುದು ಅಂತಹ ಒಂದು ಶಬ್ದ. ಅಟ್ಟದಲ್ಲಿಟ್ಟ ಪಾತ್ರೆಯೂ ಮೇಲಿರುತ್ತದೆ. ಗುಣದಲ್ಲಿ ಮಿಗಿಲಾದುದನ್ನೂ ಮೇಲೆನ್ನುತ್ತೇವೆ. ಮೊದಲನೆಯದು ಸ್ಥಾನ, ಎರಡನೆಯದು ಯೋಗ್ಯತೆ. ಇವೆರಡಕ್ಕೂ ಭಾಷೆಯು ಒಂದೇ ಮಾತನ್ನು ಕೊಟ್ಟಿರುವುದರಿಂದ ಮನಸ್ಸು ಒಂದರಿಂದ ಇನ್ನೊಂದಕ್ಕೆ ಅರಿಯದೆಯೇ ಜಾರುತ್ತದೆ. ಎತ್ತರದ ಪೀಠದಲ್ಲಿ ಕುಳಿತವನು ತಾನು ಗುಣದಲ್ಲಿಯೂ ಎತ್ತರದವನೆಂದು ಬಗೆಯುತ್ತಾನೆ. ನೆಲದಲ್ಲಿ ಕುಳಿತವನು ಅದನ್ನೇ ನಂಬಿ ತನ್ನನ್ನು ಕೀಳೆಂದುಕೊಳ್ಳುತ್ತಾನೆ. ಈ ಜಾರಿಕೆಯನ್ನು ಹಿಡಿದು ತೋರಿಸಲು ದೊಡ್ಡ ಶಾಸ್ತ್ರವೇ ಬೇಕೆಂದಿಲ್ಲ. ಪತ್ರಿಕೆಗಳಲ್ಲಿ ಬರುವ ಪದಬಂಧವೆಂಬ ವಿನೋದವೇ ಸಾಕು.

1913ನೆಯ ಇಸವಿ ಡಿಸೆಂಬರ್ 21ರಂದು ಅಮೆರಿಕೆಯ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ಸಂಚಿಕೆಯಲ್ಲಿ ಆರ್ಥರ್ ವಿನ್ ಎಂಬಾತನು ಇಂತಹ ಒಂದು ಬಂಧವನ್ನು ಪ್ರಕಟಿಸಿದನು. ಇಂದಿನ ಪದಬಂಧಗಳಿಗೆ ಅದೇ ಮೂಲವೆಂದು ಎಣಿಸಲಾಗಿದೆ. ಆ ವಿನೋದವು ಕಾಲಕ್ರಮದಲ್ಲಿ ಕನ್ನಡಕ್ಕೂ ಬಂದಿತು. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಲಿಪಿಚಿಹ್ನೆಯಾದರೆ, ಕನ್ನಡದಲ್ಲಿ ಒತ್ತು ಗುಣಿತಗಳೊಡನೆ ಪೂರ್ಣವಾದ ಒಂದಕ್ಷರ. ಕೆಲವು ಪದಗಳು ಎಡದಿಂದ ಬಲಕ್ಕೆ ಸಾಗುತ್ತವೆ, ಕೆಲವು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಎರಡೂ ಕೂಡುವ ಮನೆಯಲ್ಲಿರುವ ಅಕ್ಷರವು ಇಬ್ಬರಿಗೂ ಸಲ್ಲಬೇಕು. ಆಟದ ನಿಯಮವೆಲ್ಲ ಇಷ್ಟೇ.

ಈಗ ‘ಬಹಳ ಮೇಲಿರುವುದು, ಮೂರಕ್ಷರ’ ಎಂಬ ಸುಳಿವನ್ನು ತೆಗೆದುಕೊಳ್ಳೋಣ. ‘ಎತ್ತರ’ ಎಂದು ಒಬ್ಬನು ತುಂಬುತ್ತಾನೆ; ‘ಉನ್ನತ’ ಎಂದು ಇನ್ನೊಬ್ಬನು; ‘ಉತ್ತುಂಗ’ ಎಂದು ಮತ್ತೊಬ್ಬನು. ಮೂರೂ ಮೂರು ಮನೆಗಳಿಗೆ ಸರಿಹೋಗುತ್ತವೆ, ಮೂರೂ ಸುಳಿವಿಗೆ ಒಪ್ಪುತ್ತವೆ. ಆ ಪದವನ್ನೇ ಎಷ್ಟು ಹೊತ್ತು ದಿಟ್ಟಿಸಿದರೂ ನಿರ್ಣಯವಾಗುವುದಿಲ್ಲ. ನಿರ್ಣಯವು ಬರುವುದು ಅಡ್ಡಹಾಯುವ ಪದದಿಂದ. ಕಡೆಯ ಮನೆಗೆ ಅದು ‘ರ’ವನ್ನು ತಂದರೆ ಎತ್ತರ, ‘ತ’ವನ್ನು ತಂದರೆ ಉನ್ನತ, ‘ಗ’ವನ್ನು ತಂದರೆ ಉತ್ತುಂಗ. ಮೇಲೆಂಬ ಅರ್ಥವನ್ನು ಹೊತ್ತ ಪದವು ಕೂಡ ತನ್ನ ನಿಜವನ್ನು ತಾನೊಂದೇ ಸಾಧಿಸಲಾರದು. ನೆರೆಯ ಪದದ ಸಾಕ್ಷಿ ಅದಕ್ಕೆ ಬೇಕು.

ಇನ್ನೂ ಒಂದು ಸೂಕ್ಷ್ಮವಿದೆ. ಎಡದಿಂದ ಬಲಕ್ಕೆ ‘ಎತ್ತರ’ವೆಂದು ಬರೆದು, ಅದರ ‘ರ’ಕಾರದಿಂದ ಕೆಳಕ್ಕೆ ‘ರಥ’ವೆಂದು ಬರೆದರೆ, ಅದೇ ‘ರ’ವು ಒಂದು ಪದದಲ್ಲಿ ಕಟ್ಟಕಡೆಯದು, ಇನ್ನೊಂದರಲ್ಲಿ ತುತ್ತತುದಿಯದು. ಅಕ್ಷರವು ಕದಲಲಿಲ್ಲ, ಓದುವ ದಿಕ್ಕು ಮಾತ್ರ ಬೇರೆಯಾಯಿತು. ಮನುಷ್ಯನ ಸ್ಥಿತಿಯೂ ಇದೇ ಅಲ್ಲವೆ? ಮನೆಯಲ್ಲಿ ಯಜಮಾನನಾದವನು ಕಚೇರಿಯಲ್ಲಿ ಗುಮಾಸ್ತನು. ಊರಿಗೆ ಸಾಹುಕಾರನಾದವನು ರೋಗ ಬಂದಾಗ ವೈದ್ಯನ ಮುಂದೆ ಕೈಮುಗಿದು ನಿಲ್ಲುವವನು. ಯಾವ ದಿಕ್ಕಿನಿಂದ ಓದಿದರೂ ತಾನೇ ಮೊದಲಿಗನೆಂದು ಹಟ ಹಿಡಿಯುವವನು ಬಂಧವನ್ನೇ ಕೆಡಿಸುತ್ತಾನೆ.

ಕಲ್ಲುಮಣ್ಣಿನ ಎತ್ತರದಲ್ಲಾದರೂ ನಿಶ್ಚಯವುಂಟೇ ಎಂದರೆ, ಅಲ್ಲಿಯೂ ಅಳತೆಯ ಬುಡವನ್ನು ಮೊದಲು ಹೇಳಬೇಕಾಗುತ್ತದೆ. ‘ಲೋಕದ ಅತ್ಯುನ್ನತ ಶಿಖರ’ವೆಂಬ ಸುಳಿವಿಗೆ ಎಲ್ಲರೂ ಎವರೆಸ್ಟ್ ಎನ್ನುತ್ತಾರೆ. ನೇಪಾಳ ಮತ್ತು ಚೀನಾ ದೇಶಗಳು 2020ರಲ್ಲಿ ಒಟ್ಟಾಗಿ ಸಾರಿದಂತೆ ಅದರ ಎತ್ತರ 8,848.86 ಮೀಟರು. ಆದರೆ ಇದು ಸಮುದ್ರಮಟ್ಟದಿಂದ ಎಣಿಸಿದ ಲೆಕ್ಕ. ಭೂಮಿಯು ನಡುವಿನಲ್ಲಿ ಉಬ್ಬಿರುವುದರಿಂದ, ಭೂಕೇಂದ್ರದಿಂದ ಅಳೆದರೆ ಸಮಭಾಜಕ ವೃತ್ತದ ಬಳಿಯಿರುವ ಈಕ್ವೆಡಾರ್ ದೇಶದ ಚಿಂಬೊರಾಜೊ ಶಿಖರವು ಎವರೆಸ್ಟಿಗಿಂತ ಸುಮಾರು 2 ಕಿಲೋಮೀಟರು ದೂರದಲ್ಲಿ ನಿಲ್ಲುತ್ತದೆ. ಸಮುದ್ರಮಟ್ಟದಿಂದಾದರೋ ಅದರ ಎತ್ತರ ಸುಮಾರು 6,260 ಮೀಟರು ಮಾತ್ರ. ಹವಾಯಿ ದ್ವೀಪದ ಮೌನಾ ಕೇಯ ಪರ್ವತವು ನೀರಿನ ಮೇಲೆ 4,207 ಮೀಟರಿನಷ್ಟೇ ಕಂಡರೂ, ಕಡಲೊಳಗಿನ ಬುಡದಿಂದ ತುದಿಯವರೆಗೆ 10,000 ಮೀಟರಿಗೂ ಮಿಗಿಲಾಗಿದೆ. ಹಿಮಾಲಯದ ಶಿಖರವೇ ‘ಎಲ್ಲಿಂದ ಅಳೆದು?’ ಎಂಬ ಪ್ರಶ್ನೆಗೆ ಒಳಗಾಗಿರುವಾಗ, ಕುಲದಿಂದಲೋ ಧನದಿಂದಲೋ ಪದವಿಯಿಂದಲೋ ತನ್ನನ್ನು ಅಳೆದುಕೊಂಡು ನಿರಪೇಕ್ಷವಾಗಿ ಮೇಲೆಂದುಕೊಳ್ಳುವವನ ಮಾತಿಗೆ ಬೆಲೆಯೆಷ್ಟು?

ಹಾಗಾದರೆ ಮೇಲೆಂಬುದು ಬರಿಯ ಭ್ರಮೆಯೆ, ಸಜ್ಜನ ದುರ್ಜನರಲ್ಲಿ ಭೇದವೇ ಇಲ್ಲವೆ ಎಂದು ಕೇಳಬಹುದು. ಹಾಗಲ್ಲ. ಪದಬಂಧದ ಮನೆಗಳಿಗೆ ಸರಿಯಾದ ಉತ್ತರವು ಇದ್ದೇ ಇದೆ. ಸುತ್ತಲಿನ ಪದಗಳನ್ನು ನೋಡದೆ ಅದನ್ನು ಮಸಿಯಿಂದ ಬರೆದುಬಿಡುವುದೇ ತಪ್ಪು. ಗುಣದ ಮೇಲ್ಮೆಯು ಸತ್ಯ. ಆದರೆ ಅದನ್ನು ಓದಬೇಕಾದವರು ಅಡ್ಡಹಾಯುವವರು. ಗೃಹಸ್ಥನ ಹಿರಿಮೆಗೆ ಅವನ ಹೆಂಡತಿ ಮಕ್ಕಳು ಸಾಕ್ಷಿ, ಹೊಲದ ಆಳು ಸಾಕ್ಷಿ, ಸಾಲ ಪಡೆದ ಬಡವನು ಸಾಕ್ಷಿ. ಅವರ ಬಾಳು ಇವನ ಬಾಳನ್ನು ದಾಟಿಹೋಗುವ ಆ ಒಂದು ಮನೆಯಲ್ಲಿ ಇವನ ಅಕ್ಷರವು ಸರಿಯಾಗಿದೆಯೇ ಎಂಬುದೇ ಪರೀಕ್ಷೆ.

ಹನ್ನೆರಡನೆಯ ಶತಮಾನದ ಶರಣರು ಈ ಮರ್ಮವನ್ನು ಆಚರಣೆಯಲ್ಲಿ ತೋರಿದರು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ತಮ್ಮನ್ನು ಚೆನ್ನಯ್ಯ ಕಕ್ಕಯ್ಯರ ಮನೆಗಳ ದಾಸಕುಲಕ್ಕೆ ಸೇರಿಸಿಕೊಂಡರು. ಲೋಕವು ಕಡೆಯೆಂದ ಕಡೆಯಿಂದ ತಮ್ಮನ್ನು ಓದಿಕೊಂಡರು. ಅಲ್ಲಮಪ್ರಭುಗಳು ಏರಿದರೆಂದು ಪರಂಪರೆಯು ಹೇಳುವ ಅತ್ಯುನ್ನತ ಪೀಠಕ್ಕೆ ಶೂನ್ಯಸಿಂಹಾಸನವೆಂದೇ ಹೆಸರು. ಅನ್ನವನ್ನು ಬಡಿಸುವಾಗ ಬಡಿಸುವವನ ಕೈ ಮೇಲಿರುತ್ತದೆ, ಉಣ್ಣುವವನ ಎಲೆ ಕೆಳಗಿರುತ್ತದೆ. ಇದು ಸ್ಥಾನದ ಮಾತು. ಆದರೆ ಆ ಕಾರ್ಯಕ್ಕೆ ಶರಣರಿಟ್ಟ ಹೆಸರು ದಾಸೋಹ, ಎಂದರೆ ದಾಸನಾಗಿ ಸಲ್ಲಿಸುವ ಸೇವೆ. ಕೈ ಮೇಲಿದ್ದಾಗಲೇ ಮನಸ್ಸು ಕೆಳಗಿಳಿಯಲೆಂದು ಆ ಹೆಸರು ಎಚ್ಚರಿಸುತ್ತದೆ. ಪಂಕ್ತಿಯಲ್ಲಿ ಬಡಿಸುವ ಭಕ್ತನು ಅದನ್ನು ನೆನೆದರೆ, ಎಲೆಯ ಮುಂದೆ ಕುಳಿತವನು ಯಾರ ಮಗನೆಂದು ಕೇಳುವ ಮಾತೇ ಅವನ ನಾಲಗೆಗೆ ಬಾರದು.