ಯುದ್ಧಗಳು ಎಲ್ಲಿಂದ ಹುಟ್ಟುತ್ತವೆ?

ಓದತಕ್ಕ ಭಾಗ: ಯಾಕೋಬನ ಪತ್ರಿಕೆ 4ನೇ ಅಧ್ಯಾಯ, 1ರಿಂದ 10ನೇ ವಚನಗಳು



ನಮ್ಮ ಕಲಹಗಳ ಬೇರು ಹೊರಗೆಲ್ಲಿಯೂ ಇಲ್ಲ, ನಮ್ಮ ಹೃದಯದ ದುರಾಶೆಯಲ್ಲಿಯೇ ಇದೆ ಎಂದು ಯಾಕೋಬನು ಬೋಧಿಸುತ್ತಾನೆ. ಅಮೇರಿಕ ದೇಶದ ಒಳಯುದ್ಧದ ಮೊದಲನೆಯ ದೊಡ್ಡ ಕಾಳಗವು ಇದಕ್ಕೆ ಸಾಕ್ಷಿಯಾಗಿದೆ.

1861ನೇ ಇಸವಿ ಜುಲೈ 21ನೇ ತಾರೀಖು, ಆದಿತ್ಯವಾರ. ವರ್ಜೀನಿಯಾ ಸೀಮೆಯ ಬುಲ್ ರನ್ ಎಂಬ ಹಳ್ಳದ ಬಳಿಯಲ್ಲಿ ಉತ್ತರದ ದಂಡೂ ದಕ್ಷಿಣದ ದಂಡೂ ಎದುರುಬದುರಾದವು. ಒಂದೇ ಭಾಷೆಯನ್ನಾಡುವವರು, ಒಂದೇ ಸತ್ಯವೇದವನ್ನು ಓದುವವರು! ಯುದ್ಧವು ಬೇಗನೆ ಮುಗಿಯುವದೆಂದು ಬಹುಮಂದಿ ನೆನಸಿದ್ದರು. ಅಧ್ಯಕ್ಷ ಲಿಂಕನರು ಕರೆದ 75,000 ಸಿಪಾಯಿಗಳ ಅವಧಿಯು ಮೂರೇ ತಿಂಗಳು. ವಾಷಿಂಗ್ಟನ್ ಪಟ್ಟಣದಿಂದ ಕೆಲವರು ಬುತ್ತಿ ಕಟ್ಟಿಕೊಂಡು, ಜಾತ್ರೆಗೆ ಹೋಗುವವರ ಹಾಗೆ ಬಂಡಿಗಳನ್ನೇರಿ ಕಾಳಗ ನೋಡಲು ಬಂದರು. ಸಾಯಂಕಾಲಕ್ಕೆ ಉತ್ತರದ ದಂಡು ಮುರಿದು ಓಡಿತು. ನೋಡಬಂದವರೂ ಅದರೊಡನೆ ಓಡಿದರು. ಎರಡು ಕಡೆಗಳಲ್ಲಿಯೂ ಕೂಡಿ 800ಕ್ಕಿಂತ ಹೆಚ್ಚು ಮಂದಿ ಸತ್ತರು.

ಅಲ್ಲಿಯ ಗುಡ್ಡದ ಮೇಲೆ ಜೂಡಿತ್ ಹೆನ್ರಿ ಎಂಬ ವಿಧವೆಯ ಮನೆಯಿತ್ತು. ಎಂಭತ್ತು ವರುಷ ದಾಟಿ ಹಾಸಿಗೆ ಹಿಡಿದಿದ್ದ ಆಕೆಯು ಯಾರ ಮೇಲೂ ಆಯುಧವೆತ್ತಿದವಳಲ್ಲ. ತೋಪಿನ ಗುಂಡು ಮನೆಯೊಳಗೆ ಬಿದ್ದು, ಆಕೆಯು ಗಾಯಪಟ್ಟು ಆ ದಿನವೇ ತೀರಿಹೋದಳು. ಕೋಣಗಳು ಕಾದಾಡಿದರೆ ಕೇಡು ಗಿಡಕ್ಕಲ್ಲವೋ?

ಆದರೆ ಈ ಕಾಳಗವು ಆ ದಿನವೇ ಹುಟ್ಟಿತೋ? ಇಲ್ಲ. ದಕ್ಷಿಣದವರು ದೇವರ ಸ್ವರೂಪವುಳ್ಳ ಮನುಷ್ಯರನ್ನು ದನಗಳಂತೆ ಕೊಂಡು ಮಾರುತ್ತಿದ್ದರು. ಆ ಗುಲಾಮರು ಬೆಳೆದ ಹತ್ತಿಯಿಂದ ಉತ್ತರದ ವರ್ತಕರೂ ಲಾಭ ಹೊಂದಿದರು. ಸತ್ಯವೇದವನ್ನು ಕೈಯಲ್ಲಿ ಹಿಡಿದೇ ಗುಲಾಮತನವನ್ನು ಸಮರ್ಥಿಸಿದ ಬೋಧಕರಿದ್ದರು. ಇದರ ನಿಮಿತ್ತ 1844ರಲ್ಲಿ ಮೆಥೊಡಿಸ್ಟ್ ಸಭೆಯೂ 1845ರಲ್ಲಿ ಬ್ಯಾಪ್ಟಿಸ್ಟ್ ಸಭೆಯೂ ಇಬ್ಭಾಗವಾದವು. ದೇಶವು ಒಡೆಯುವದಕ್ಕೆ ಹದಿನೈದು ವರುಷ ಮುಂಚೆಯೇ ಕರ್ತನ ಮೇಜು ಒಡೆದಿತ್ತು! ಯುದ್ಧವು 1865ರ ವರೆಗೂ ನಡೆದು, ಆರು ಲಕ್ಷಕ್ಕೂ ಮಿಕ್ಕಿ ಸಿಪಾಯಿಗಳನ್ನು ನುಂಗಿತು. ಸುಮಾರು ನಾಲ್ವತ್ತು ಲಕ್ಷ ಗುಲಾಮರಿಗೆ ಬಿಡುಗಡೆಯಾಯಿತು. ಸ್ವಇಚ್ಛೆಯಿಂದ ಮಾಡದ ನ್ಯಾಯವು ರಕ್ತದಿಂದ ಆಯಿತು.

ಪ್ರಿಯರೇ, ನಮ್ಮ ಕೈಯಲ್ಲಿ ಬಂದೂಕವಿಲ್ಲವೆಂದು ನಿಶ್ಚಿಂತರಾಗಬೇಡಿರಿ. ಹೊಲದ ಬದುವಿಗಾಗಿ ಒಡಹುಟ್ಟಿದವನ ಸಂಗಡ ಮಾತು ಬಿಟ್ಟವರು ನಮ್ಮಲ್ಲಿಲ್ಲವೋ? ಹುಟ್ಟಿದ ಕುಲವನ್ನು ನೆನಸಿ ಆರಾಧನೆಯಲ್ಲಿ ಸರಿದು ಕೂತುಕೊಳ್ಳುವವರಿಲ್ಲವೋ? ನೆರೆಯವರ ಜಗಳವನ್ನು ಜಗಲಿಯ ಮೇಲಿಂದ ನೋಡಿ ನಗುವವರಿಲ್ಲವೋ? ಇವೇ ಮೊದಲನೆಯ ಕಾಳಗಗಳು.

ಆದದರಿಂದ ಬರುವ ಕರ್ತನ ಭೋಜನಕ್ಕೆ ಮುಂಚೆ, ನೀವು ಮಾತು ಬಿಟ್ಟವನ ಬಾಗಲಿಗೆ ನೀವೇ ಮೊದಲು ಹೋಗಿರಿ. ಅವನು ತೆರೆಯದಿದ್ದರೆ ಮರುದಿವಸ ತಿರಿಗಿ ಹೋಗಿರಿ. ತನ್ನನ್ನು ತಗ್ಗಿಸಿಕೊಳ್ಳುವವನನ್ನು ದೇವರು ಕೈಬಿಡನು. ಆಮೆನ್.