ನಗೆಯ ಅಧಿಕಾರ ಯಾರಿಗೆ?

ಒಂದು ಸಮುದಾಯವನ್ನು ಕುರಿತು ವಿನೋದವಾಡುವ ಅಧಿಕಾರ ಆ ಸಮುದಾಯದವರಿಗೆ ಮಾತ್ರ ಉಂಟು, ಹೊರಗಿನವರು ಆಡಿದರೆ ಅದು ಅವಹೇಳನ ಎಂಬ ಅಭಿಪ್ರಾಯವನ್ನು ಅನೇಕರು ಒಪ್ಪುತ್ತಾರೆ. ಇದನ್ನು ಪರಿಶೀಲಿಸಲು ನಾವು ದೂರ ಹೋಗಬೇಕಾದುದಿಲ್ಲ.

11ನೆಯ ಶತಮಾನದ ಕೃಷ್ಣಮಿಶ್ರನ ‘ಪ್ರಬೋಧಚಂದ್ರೋದಯ’ ನಾಟಕದಲ್ಲಿ ದಿಗಂಬರ ಕ್ಷಪಣಕನೊಬ್ಬನು ರಂಗಕ್ಕೆ ಬರುತ್ತಾನೆ. ಅವನ ಮಲಿನವಾದ ಮೈ, ನಗ್ನತೆ ಇವೇ ನಗೆಗೆ ವಸ್ತು. ಕಡೆಗೆ ಕಾಪಾಲಿಕನ ಮದ್ಯಕ್ಕೂ ಕಾಪಾಲಿನಿಯ ಆಲಿಂಗನಕ್ಕೂ ಮರುಳಾಗಿ ಅವನು ತನ್ನ ಮತವನ್ನೇ ತೊರೆಯುತ್ತಾನೆ. ಅಸ್ನಾನವು ಮುನಿಗಳ 28 ಮೂಲಗುಣಗಳಲ್ಲಿ ಒಂದೆಂದು ಬಲ್ಲ ಶ್ರಾವಕನಿಗೆ ಇದನ್ನೋದುವಾಗ ನೋವಾಗುವುದು ಸಹಜ. ಚಂದೇಲ ದೊರೆ ಕೀರ್ತಿವರ್ಮನ ಮುಂದೆ ಆಡಿದ ನಾಟಕವದು. ಅದೇ ಚಂದೇಲರ ಖಜುರಾಹೋದಲ್ಲಿ ಜಿನಾಲಯಗಳೂ ಇದ್ದವು. ನಕ್ಕವರು, ನಗೆಗೀಡಾದವರು ನೆರೆಹೊರೆಯವರೇ.

ಆದರೆ ಇದೇ ಶ್ರಾವಕನು 12ನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’ಯನ್ನು ತೆರೆದಾಗ ಅವನ ಮುಖ ಅರಳುತ್ತದೆ. ಅಲ್ಲಿ ಅನ್ಯಮತಗಳ ದೇವತೆಗಳೂ ಆಚಾರಗಳೂ ಕಟುವಾದ ವಿಡಂಬನೆಗೆ ಗುರಿಯಾಗಿವೆ. ಇದು ಕವಿಯ ದಿಟ್ಟತನ, ಅದು ದ್ವೇಷ ಎಂದು ನಾವು ತೂಗುವುದಾದರೆ ತಕ್ಕಡಿ ನೆಟ್ಟಗಿಲ್ಲವೆಂದೇ ಅರ್ಥ. 14ನೆಯ ಶತಮಾನದ ವೃತ್ತವಿಲಾಸನ ‘ಧರ್ಮಪರೀಕ್ಷೆ’ಯ ದಾರಿ ಕೊಂಚ ಬೇರೆ. ಮನೋವೇಗನು ಪಾಟಲೀಪುತ್ರದ ವಿದ್ವಾಂಸರ ಎದುರಿಗೇ ಅಸಂಬದ್ಧ ಕಥೆಗಳನ್ನು ಹೇಳಿ, ಅವರು ನಂಬದಿದ್ದಾಗ ಅಂತಹವು ಅವರ ಪುರಾಣಗಳಲ್ಲಿಯೇ ಇವೆಯೆಂದು ತೋರಿಸುತ್ತಾನೆ. ನಗೆಯ ಗುರಿ ಕಥೆಯೇ ಹೊರತು ಯಾರ ಮೈಯೂ ಅಲ್ಲ. ಗುರಿಯಾದವರಿಗೆ ಸಭೆಯಲ್ಲಿ ಎದುರಾಡಲು ಆಸನವಿದೆ. (ಅವರ ಉತ್ತರವನ್ನೂ ಜೈನಕವಿಯೇ ಬರೆದನೆನ್ನಿ!)

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಾಸ್ಯತ್ಯಾಗವನ್ನು ಕ್ರೋಧ, ಲೋಭ, ಭಯಗಳ ತ್ಯಾಗದೊಡನೆ ಹೇಳಿರುವುದು ಸತ್ಯವ್ರತದ ಭಾವನೆಗಳಲ್ಲಿ, ಅಹಿಂಸಾವ್ರತದ ಭಾವನೆಗಳಲ್ಲಿ ಅಲ್ಲ. ಇದು ವಿಚಾರಾರ್ಹ. ಒಬ್ಬ ವ್ಯಾಪಾರಿಯ ಜಿಪುಣತನವನ್ನು ಜೈನರೆಲ್ಲರ ಮೇಲೆ ಹೊರಿಸುವ ನಗೆಹನಿಯಲ್ಲಿ ಮೊದಲು ಗಾಯಗೊಳ್ಳುವುದು ಸತ್ಯ. ಮನಸ್ಸು ನೋಯುವುದು ಅನಂತರ. ಹೇಳಿದವನು ಜೈನನಾದ ಮಾತ್ರಕ್ಕೆ ಆ ಸುಳ್ಳು ನಿಜವಾಗದು. ಹಾಗೆಂದು ಬಸದಿಯಲ್ಲಿ ನಗುವೇ ಕೂಡದೆಂಬುದು ನನ್ನ ಮತವಲ್ಲ. ದಶಲಕ್ಷಣ ಪರ್ವದ ಉಪವಾಸ ಮುಗಿಸಿ, ಪಾರಣೆಯ ಎಲೆಯ ಮುಂದೆ ಕುಳಿತು ತನ್ನ ಹಸಿವನ್ನೇ ಗೇಲಿ ಮಾಡಿಕೊಳ್ಳುವವನ ಮಾತಿನಲ್ಲಿ ದೋಷವೇನಿದೆ? ತನಗೆ ಗೊತ್ತಿರುವುದನ್ನು ಅವನು ಹೇಳುತ್ತಾನೆ. ಅದರ ಬೆಲೆಯನ್ನೂ ತಾನೇ ತೆರುತ್ತಾನೆ.

‘ನಮ್ಮವರು’ ಎಂಬ ಪದವೇ ಮೋಸದ್ದು. ನಾಲ್ವತ್ತು ವರ್ಷ ಪಕ್ಕದ ಮನೆಯಲ್ಲಿದ್ದು, ಸೂರ್ಯಾಸ್ತಕ್ಕೆ ಮೊದಲೇ ನಮ್ಮ ಒಲೆ ಆರುವುದನ್ನು ಕಂಡ ಅನ್ಯಮತೀಯ ಮಿತ್ರರು ನಮ್ಮನ್ನು ಕುರಿತು ಆಡುವ ಪರಿಹಾಸ್ಯ ಎಷ್ಟೋ ಮೃದುವಾಗಿರುತ್ತದೆ. ಅದೇ ಒಂದು ಟ್ರಸ್ಟಿನ ಸಭೆಯನ್ನು ಊಹಿಸಿಕೊಳ್ಳಿ. ಪ್ರತಿ ಪರ್ವಕ್ಕೂ ತಪ್ಪದೆ ಊಟಕ್ಕೆ ಬರುವ ಬಡ ಕುಟುಂಬವೊಂದನ್ನು ಅಧ್ಯಕ್ಷರು ‘ಎಲೆಯ ಭಕ್ತರು’ ಎನ್ನುತ್ತಾರೆ. ಹೇಳಿದವರೂ ಜೈನರು, ಹೇಳಿಸಿಕೊಂಡವರೂ ಜೈನರು. ಸಭೆಯೆಲ್ಲ ನಗುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತ ಆ ಮನೆಯ ಯಜಮಾನರೂ ನಗುತ್ತಾರೆ. ಮಗನ ಕಾಲೇಜು ಶುಲ್ಕಕ್ಕಾಗಿ ಅವರು ಬರೆದ ಅರ್ಜಿ ಇನ್ನೂ ಅಧ್ಯಕ್ಷರ ಮೇಜಿನ ಮೇಲಿದೆ.