ನಾಣ್ಯದ ಮೇಲಿನ ಬೆಟ್ಟದ ಸಿಂಹ



ಸಾಧಾರಣ ಕಾಲದ 29ನೆಯ ಭಾನುವಾರದ ಶುಭಸಂದೇಶದಲ್ಲಿ (ಮತ್ತಾಯ 22:15-21) ಪ್ರಭು ಯೇಸು ಒಂದು ನಾಣ್ಯವನ್ನು ತರಿಸಿ ನೋಡುತ್ತಾರೆ. ತೆರಿಗೆಯ ಮಾತೆತ್ತಿ ಅವರನ್ನು ಸಿಕ್ಕಿಸಬೇಕೆಂದು ಬಂದವರೇ ಆ ನಾಣ್ಯವನ್ನು ತಂದುಕೊಟ್ಟರು. ಪ್ರಭುವಿನ ಬಳಿ ಅದು ಇದ್ದಂತೆ ಕಾಣುವುದಿಲ್ಲ! ಬೆಳ್ಳಿಯ ದೆನಾರಿ ಅದು, ಒಬ್ಬ ಕೂಲಿಯಾಳಿನ ಒಂದು ದಿನದ ದುಡಿಮೆ. ಮೇಲೆ ಚಕ್ರವರ್ತಿಯ ಮುಖ, ಸುತ್ತ ಅವನ ಬಿರುದು. ಇದು ಯಾರ ಮುಖವೆಂದು ಪ್ರಭು ಕೇಳಿದರು. ಮುಖ ಯಾರದೋ ನಾಣ್ಯ ಅವರಿಗೆ ಸೇರಲಿ, ದೇವರಿಗೆ ಸೇರಬೇಕಾದದ್ದು ದೇವರಿಗೇ ಸೇರಲಿ ಎಂಬುದು ಅವರ ಉತ್ತರವಾಗಿತ್ತು.

ಆ ದೆನಾರಿಯ ಪಕ್ಕದಲ್ಲಿ ನಮ್ಮ ಕಾಲದ ಇನ್ನೊಂದು ಬೆಳ್ಳಿ ನಾಣ್ಯವನ್ನಿಟ್ಟು ನೋಡೋಣ. ಕೆನಡಾ ದೇಶದ ಟಂಕಸಾಲೆ 2011ರಿಂದ 2013ರವರೆಗೆ ಆರು ಕಾಡುಪ್ರಾಣಿಗಳ ಚಿತ್ರವಿರುವ ಆರು ನಾಣ್ಯಗಳನ್ನು ಹೊರತಂದಿತು. ಮೂರನೆಯದು, 2012ರದು, ಕೂಗರ್ ಎಂಬ ಪ್ರಾಣಿಯದು. ಅದನ್ನು ಪೂಮಾ ಎಂದೂ ಬೆಟ್ಟದ ಸಿಂಹವೆಂದೂ ಕರೆಯುತ್ತಾರೆ. ನಮ್ಮ ಚಿರತೆಯ ದೂರದ ನೆಂಟ ಎನ್ನಬಹುದು. ಆದರೆ ಬೆಳೆದ ಮೇಲೆ ಮೈಮೇಲೆ ಚುಕ್ಕೆಯಿಲ್ಲ, ಸಿಂಹದಂತೆ ಗರ್ಜಿಸಲು ಬಾರದು. ನಾಣ್ಯದ ಒಂದು ಮುಖದಲ್ಲಿ ರಾಣಿ ಎಲಿಜಬೆತ್, ಇನ್ನೊಂದರಲ್ಲಿ ಈ ಪ್ರಾಣಿ. ತೂಕ ಒಂದು ಔನ್ಸ್, ಅಂದರೆ 31.1 ಗ್ರಾಂ ಅಪ್ಪಟ ಬೆಳ್ಳಿ. ಮೇಲೆ ಬರೆದ ಬೆಲೆ 5 ಡಾಲರ್. ಆ ವರ್ಷ ಅಷ್ಟು ಬೆಳ್ಳಿಗೇ ಸುಮಾರು 30 ಡಾಲರ್ ಇತ್ತು. ಹೀಗಾಗಿ ಅದನ್ನು ಯಾರೂ ಅಂಗಡಿಗೆ ಒಯ್ಯುವುದಿಲ್ಲ, ಪೆಟ್ಟಿಗೆಯಲ್ಲಿ ಜೋಪಾನವಾಗಿಡುತ್ತಾರೆ. ಹಣವೆಂದು ಹೆಸರು, ಕೆಲಸ ಮಾತ್ರ ಒಡವೆಯದು.

ಈ ಪ್ರಾಣಿಗೂ ಹಣಕ್ಕೂ ಹಳೆಯ ನಂಟೊಂದಿದೆ. ಕೆನಡಾದ ಪಶ್ಚಿಮದ ಬೆಟ್ಟನಾಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕಳೆದ ಶತಮಾನದ ಮಧ್ಯದವರೆಗೂ ಕೂಗರನ್ನು ಕೊಂದವರಿಗೆ ಸರಕಾರದ ಖಜಾನೆಯಿಂದಲೇ ಬಹುಮಾನ ಸಿಗುತ್ತಿತ್ತು. ಕುರಿ, ದನ ಹಿಡಿಯುತ್ತದೆ, ಬೇಟೆಗಾರರಿಗೆ ಬೇಕಾದ ಜಿಂಕೆಯನ್ನು ತಿನ್ನುತ್ತದೆ ಎಂಬುದು ದೂರು. ಆ ಖಂಡದ ಪೂರ್ವದ ಕಾಡುಗಳಲ್ಲಿಯೂ ಅದು ಒಮ್ಮೆ ಇತ್ತು. ಅಲ್ಲಿಯದು ಅಳಿದೇಹೋಗಿದೆ ಎಂದು ಅಮೆರಿಕದ ವನ್ಯಜೀವಿ ಇಲಾಖೆ 2011ರಲ್ಲಿ ಹೇಳಿತು. ಮರುವರ್ಷವೇ ಈ ನಾಣ್ಯ ಬಂತು. ಒಂದು ಕಾಲದಲ್ಲಿ ಅದರ ತಲೆಗೆ ಹಣ ಕೊಟ್ಟರು, ಈಗ ಹಣದ ಮೇಲೆ ಅದರ ತಲೆಯನ್ನು ಅಚ್ಚು ಹಾಕಿದರು. ಪ್ರಾಣಿ ಮಾತ್ರ ಎರಡೂ ಕಾಲದಲ್ಲಿ ಅದೇ ಪ್ರಾಣಿ. ಬದಲಾದದ್ದು ನಾವು ಕಟ್ಟಿದ ಬೆಲೆ.

ಹಾಗಾದರೆ ಅದು ಯಾರದು? ರಾಣಿಯದಲ್ಲ, ಟಂಕಸಾಲೆಯದೂ ಅಲ್ಲ. ಕಾಡಿನ ಮೃಗಗಳೆಲ್ಲ ದೇವರವು ಎಂದು ಐವತ್ತನೆಯ ಕೀರ್ತನೆ ಸಾರುತ್ತದೆ. ಯೋಬನ ಗ್ರಂಥದ 38, 39ನೆಯ ಅಧ್ಯಾಯಗಳನ್ನು ಮನೆಯಲ್ಲಿ ಒಮ್ಮೆ ಓದಿ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತವನೊಡನೆ ದೇವರು ಸಿಂಹದ ಹಸಿವಿನ ವಿಷಯ ಎತ್ತುತ್ತಾರೆ, ಬೆಟ್ಟದ ಕಾಡುಮೇಕೆ ಈಯುವ ಹೊತ್ತಿನ ವಿಷಯ ಕೇಳುತ್ತಾರೆ. ಯೋಬನಿಗೆ ಆ ಮೇಕೆಯಿಂದ ಹಾಲಿಲ್ಲ, ಚರ್ಮವಿಲ್ಲ. ಆದರೂ ದೇವರು ಅದರ ಬಾಣಂತನದ ಲೆಕ್ಕ ಇಟ್ಟಿದ್ದಾರೆ. ವಿಶ್ವಗುರು ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ಪತ್ರದಲ್ಲಿ ಕಲಿಸಿದ್ದೂ ಇದನ್ನೇ: ನಮಗೆ ಉಪಯೋಗವಿದ್ದರೂ ಇಲ್ಲದಿದ್ದರೂ ಪ್ರತಿ ಜೀವಿಗೂ ದೇವರ ಮುಂದೆ ತನ್ನದೇ ಬೆಲೆಯಿದೆ.

ಇಷ್ಟಕ್ಕೇ ನಿಲ್ಲಿಸುವುದು ಸುಲಭ. ಪೆಟ್ಟಿಗೆಯಲ್ಲಿರುವ ಬೆಳ್ಳಿಯ ಮೃಗವನ್ನು ಪ್ರೀತಿಸಲು ಯಾರಿಗೂ ಕಷ್ಟವಿಲ್ಲ. ತಾಳವಾಡಿ ಬೆಟ್ಟದ ಕಡೆ ರಾತ್ರಿ ದೊಡ್ಡಿಗೆ ಚಿರತೆ ನುಗ್ಗಿ ಆಡು ಹೊತ್ತುಹೋದ ಮನೆಯವರಿಗೆ, ಕಬ್ಬು, ಬಾಳೆ, ಮುಸುಕಿನ ಜೋಳವನ್ನು ಆನೆ ತುಳಿದುಹೋದ ರೈತನಿಗೆ, ಕಾಡಂಚಿನಲ್ಲಿ ತಮ್ಮವರನ್ನೇ ಕಳೆದುಕೊಂಡವರಿಗೆ ಈ ಮಾತು ಹೇಗೆ ಕೇಳಿಸೀತು? ಮೃಗ ದೇವರದು ಎನ್ನುವ ನಾವು, ಸತ್ತ ಮನುಷ್ಯ ದೇವರದೇ ರೂಪ ಹೊತ್ತವನು (ಆದಿಕಾಂಡ 1:27) ಎಂಬುದನ್ನು ಮೊದಲು ಹೇಳಬೇಕು. ಪರಿಹಾರದ ಹಣ ಸರಕಾರ ಸಲ್ಲಿಸಲೇಬೇಕಾದದ್ದು; ಕೇಳಿ ಪಡೆಯಲು ನಾಚಿಕೆ ಬೇಡ. ಆದರೆ ಹೋದ ಜೀವದ ಬೆಲೆ ಇಷ್ಟೇ ಎಂದು ಆ ಮೊತ್ತ ತೀರ್ಮಾನಿಸುವುದಿಲ್ಲ. ಆಡಿನ ಕಳೇಬರಕ್ಕೆ ವಿಷ ಸವರುವುದು, ಉರುಳು ಕಟ್ಟುವುದು, ಕಂಬದಿಂದ ನೇರವಾಗಿ ಕರೆಂಟು ಎಳೆದು ಬೇಲಿಗೆ ಕೊಡುವುದು ಕೂಡ ಪರಿಹಾರವಲ್ಲ. ಕತ್ತಲಲ್ಲಿ ಆ ತಂತಿ ಚಿರತೆ ಯಾವುದು, ನೆರೆಮನೆಯ ಮಗು ಯಾವುದು ಎಂದು ನೋಡುವುದಿಲ್ಲ.

ಪರಿಹಾರದ ಅರ್ಜಿಯನ್ನು ತಮಿಳಿನಲ್ಲಿ ಬರೆಯಲು ಬಾರದೆ ಸುಮ್ಮನಾದ ಹಿರಿಯರು ನಮ್ಮ ನಡುವೆ ಇದ್ದಾರೆ. ಎರಡೂ ಭಾಷೆ ಬಲ್ಲ ಯುವಜನರು ಭಾನುವಾರದ ಪೂಜೆಯ ಬಳಿಕ ಸ್ವಲ್ಪ ಹೊತ್ತು ಗುಡಿಯ ಜಗಲಿಯಲ್ಲಿ ಕುಳಿತು ಬರೆದುಕೊಡಲಿ. ನಷ್ಟವಾದ ಬೆಳೆಯ, ಸತ್ತ ಜಾನುವಾರಿನ ಫೋಟೊ ಇದ್ದವರು ಮರೆಯದೆ ತನ್ನಿ.